ಸೇತುವೆಯಾಚೆಯ ಮಕ್ಕಳು

"ನಾಯಿ ಕಚ್ಚೋದಿಲ್ಲ. ಆದ್ರೆ ಟಾಲಿವರ್‌ನೋರನ್ನ ಕಂಡ್ರೆ ಏನ್ ಮಾಡುತ್ತೋ ನನಗೆ ಗೊತ್ತಿಲ್ಲ," ಎಂದಳು ಟ್ವೈಲಾ ಗೇಹಾರ್ಟ್, ಜಗುಲಿಯ ಕುರ್ಚಿಯಿಂದ ಅಲ್ಲಾಡದೆ.

ಸೇತುವೆಯಾಚೆಯ ಟಾಲಿವರ್ ಊರಿಂದ ಬಂದಿದ್ದ ಡೆಲ್ಫಿಯಾ ನೇಪಿಯರ್ ಗೇಟಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಕೇನಿ ಕಣಿವೆಯಲ್ಲಿ ಅವಳು ಅಂದು ಬೆಳಿಗ್ಗೆಯಿಂದ ತಟ್ಟಿದ ಬಾಗಿಲುಗಳಲ್ಲಿ ತೆರೆದದ್ದು ಕಡಿಮೆ, ತೆರೆದಷ್ಟೂ ಬೇಗನೆ ಮುಚ್ಚಿಕೊಂಡಿದ್ದವು. ಇಲ್ಲಿ ಬಾಗಿಲು ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಟ್ವೈಲಾ ಹೊರಗೇ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದಳು.

"ಒಂದು ಮಾತು ಕೇಳೋಕೆ ಬಂದೆ," ಎಂದಳು ಡೆಲ್ಫಿಯಾ. "ಮುಂದಿನ ವಾರ ಕೌಂಟಿ ಶಾಲಾ ಬೋರ್ಡಿನ ಸಭೆ ಇದೆ. ನಮ್ಮ ಚಿಕ್ಕ ಮಕ್ಕಳ ಶಾಲೆ ಮುಚ್ತಾರಂತೆ. ನೀವೊಂದಿಷ್ಟು ಜನ ಬಂದು ಬೇಡ ಅಂದ್ರೆ…"

"ನಾವಾ?" ಟ್ವೈಲಾ ಬೀನ್ಸನ್ನು ಪಟಕ್ಕನೆ ಮುರಿದಳು. "ಗಂಜಿ ಕೇಳಿದಾಗ ಬಾಗಿಲು ಹಾಕಿದೋರು ಈಗ ನಮ್ಮ ಮನೇಗೆ ಉಪ್ಪು ಕೇಳೋಕೆ ಬಂದ್ರಾ!"

ಕೆಂಟಕಿಯ ಬೆಟ್ಟಗಳ ನಡುವಿನ ಟಾಲಿವರ್ ಸಣ್ಣ ಊರು, ಆದರೆ ಅದರ ಗತ್ತು ಸಣ್ಣದಲ್ಲ. ಸುತ್ತಲೂ ಮ್ಯಾಗಾರ್ಡ್ ಕೌಂಟಿ, ಅಂದರೆ ಜಿಲ್ಲೆ, ಹರಡಿಕೊಂಡಿದ್ದರೂ, ದೊಡ್ಡ ತಟ್ಟೆಯ ನಡುವೆ ಇಟ್ಟ ಬಟ್ಟಲಿನ ಹಾಗೆ ಊರು ತನ್ನ ಶಾಲೆಗಳನ್ನು ತಾನೇ ನಡೆಸುತ್ತಿತ್ತು. ತನ್ನದೇ ಬೋರ್ಡು, ತನ್ನದೇ ಬ್ಯಾಂಡು, ತನ್ನದೇ ಬ್ಯಾಸ್ಕೆಟ್‌ಬಾಲ್ ತಂಡ. ಗಣಿಗಳು ಮುಚ್ಚಿದ ಮೇಲೆ ಮನೆಗಳು ಖಾಲಿಯಾದವು, ತರಗತಿಗಳೂ ಬರಿದಾದವು. ಹೋದ ಬೇಸಿಗೆಯಲ್ಲಿ ರಾಜ್ಯದವರು ಟಾಲಿವರ್ ಶಾಲೆಗಳನ್ನೆಲ್ಲ ಕೌಂಟಿಯೊಳಗೆ ಸೇರಿಸಿಬಿಟ್ಟರು. ಊರಿನ ಬೋರ್ಡಿಗೆ ಕೊನೆಯ ಅಧ್ಯಕ್ಷೆಯಾಗಿದ್ದವಳು ಡೆಲ್ಫಿಯಾ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾಗಿ, ಆಮೇಲೆ ಬೋರ್ಡಿಗೆ ಬಂದು, ರಾಜಧಾನಿಯವರೆಗೂ ಹೋಗಿ ಜಗಳವಾಡಿ ಸೋತಿದ್ದಳು. ದೊಡ್ಡ ಮಕ್ಕಳು ಕೌಂಟಿ ಹೈಸ್ಕೂಲಿಗೆ ಹೋದರು. ಕೌಂಟಿ ಬೋರ್ಡಿನಲ್ಲಿ ಟಾಲಿವರ್‌ಗೆಂದು ಒಂದು ಕುರ್ಚಿ ಕೊಟ್ಟರು. ಅದರಲ್ಲಿ ಕೂತು ಅವಳು ಏನು ಹೇಳಿದರೂ ಉಳಿದ ನಾಲ್ಕು ಕೈಗಳು ಅದರ ವಿರುದ್ಧವೇ ಏಳುತ್ತಿದ್ದವು. ಊರಿಗೆ ಉಳಿದದ್ದು ಚಿಕ್ಕ ಮಕ್ಕಳ ಶಾಲೆಯೊಂದೇ, ಅದರಲ್ಲೂ ಮಕ್ಕಳು ಸಾಲದಾಗಿದ್ದರು.

"ಊರಲ್ಲಿ ಒಂದು ಶಾಲೆ ಮುಚ್ಚಿದ್ರೆ ಊರೇ ಮುಚ್ಚಿದ ಹಾಗೆ, ಟ್ವೈಲಾ," ಎಂದಳು.

"ಇರಬಹುದು. ನಿಮ್ಮ ಶಾಲೆ ಗಂಟೆ ನನ್ನ ಅಡಿಗೆಮನೇಗೆ ಕೇಳುತ್ತೆ, ಗೊತ್ತಾ? ಸೇತುವೆ ದಾಟಿದ್ರೆ ಶಾಲೆ. ಆದ್ರೆ ನನ್ನ ಇವಾ ಮೇ ಕತ್ತಲಲ್ಲೇ ಎದ್ದು, ಎರಡು ಬೆಟ್ಟ ಸುತ್ತೋ ಬಸ್ಸಲ್ಲಿ ವಾಂತಿ ಮಾಡ್ಕೊಂಡು ಕೌಂಟಿ ಶಾಲೇಗೆ ಹೋಗ್ತಾಳೆ. ಒಂದನೇ ಕ್ಲಾಸು ಮಗು! ಯಾಕೆ? ಸೇತುವೆ ಈಚೆಗಿರೋರು ಟಾಲಿವರ್‌ನೋರಲ್ಲ ಅಂತ ನಿಮ್ಮೋರು ಗೆರೆ ಎಳೆದಿದ್ರಲ್ಲ, ಅದಕ್ಕೆ. ನಮ್ಮಮ್ಮ ನನ್ನ ಕೈ ಹಿಡ್ಕೊಂಡು ಆ ಬಾಗಿಲವರೆಗೂ ಬಂದಿದ್ಲು. ವಾಪಸ್ ಕಳಿಸಿದ್ರಿ."

ಡೆಲ್ಫಿಯಾಳ ನಾಲಗೆಯ ತುದಿಗೆ ಹಳೆಯ ಉತ್ತರ ಬಂತು. ಅದು ಕಾನೂನು, ಗೆರೆಯ ಆಚೆಗಿನವರನ್ನು ಸೇರಿಸಿಕೊಳ್ಳುವ ಹಾಗಿಲ್ಲ ಎನ್ನುವ ಉತ್ತರ. ಎಷ್ಟೋ ತಾಯಂದಿರಿಗೆ ಅದನ್ನು ಹೇಳಿದ್ದಳು.

ಯಾವ ಗೆರೆ?

ಅವಳು ಗೇಟನ್ನು ಬಿಟ್ಟು ಹಿಂದಿರುಗಿ ಸೇತುವೆಯ ಕಡೆ ನೋಡಿದಳು. ಎರಡೂ ದಡಗಳು ಈಗ ಒಂದೇ ಕೌಂಟಿಯ ಶಾಲೆಗಳಿಗೆ ಸೇರಿದವು. ಅಷ್ಟು ವರ್ಷ ಹೋರಾಡಿ ಅವಳು ಉಳಿಸಿಕೊಳ್ಳಲು ನೋಡಿದ್ದು ಅದೇ ಗೆರೆಯನ್ನು. ಅವಳಿಗೆ ನಗು ಬಂತು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ನಾಯಿ ಬೆಚ್ಚಿ ಜಗುಲಿಯ ಕೆಳಗೆ ನುಸುಳಿತು.

"ಏನಾಯ್ತು ನಿಮಗೆ?" ಟ್ವೈಲಾ ಎದ್ದು ನಿಂತಳು.

"ಆ ಗೆರೆ ಹೋಯ್ತು ಕಣೇ! ಹೋದ ವರ್ಷಾನೇ ಅಳಿಸಿ ಹಾಕಿದ್ರು. ನಾನೇ ಅದಕ್ಕೆ ಎದೆ ಬಡ್ಕೊಂಡು ಅತ್ತಿದ್ದೆ. ಇವಾ ಮೇ ನಮ್ಮ ಶಾಲೇಗೆ ಬರಬಹುದು. ಈ ಕಣಿವೆ ಮಕ್ಕಳೆಲ್ಲ ಬರಬಹುದು. ಬೋರ್ಡು ಹೂಂ ಅಂದ್ರೆ ಸಾಕು!"

ಟ್ವೈಲಾ ಬೀನ್ಸಿನ ಪಾತ್ರೆಯನ್ನು ಕೆಳಗಿಟ್ಟಳು.

"ನನ್ನೊಬ್ಬಳಿಗೆ ಹೇಳಿದ್ರೆ ಆಗಲ್ಲ, ಮಿಸ್. ಭಾನುವಾರ ನಮ್ಮ ಚರ್ಚಿನ ಊಟಕ್ಕೆ ಬನ್ನಿ. ಎಲ್ಲರ ಮುಂದೆ ಹೇಳಿ. ನಮ್ಮ ಮುದುಕೀರು ನಿಮ್ಮನ್ನ ಹುರಿದು ಮುಕ್ಕಿಬಿಡ್ತಾರೆ. ತೆಪ್ಪಗೆ ಕೂತು ಕೇಳಿಸ್ಕೋಬೇಕು."

ಹುರಿದರು. ಚರ್ಚಿನ ಹಿಂದಿನ ಮರದ ನೆರಳಲ್ಲಿ, ಬೀನ್ಸಿನ ಸಾರು, ಮೆಕ್ಕೆಜೋಳದ ರೊಟ್ಟಿಗಳನ್ನು ಹರವಿದ ಮೇಜುಗಳ ನಡುವೆ ಡೆಲ್ಫಿಯಾ ನಿಂತಿದ್ದಳು. ಒಬ್ಬೊಬ್ಬರಾಗಿ ಹೇಳಿದರು. ಹೊಸ ಬಟ್ಟೆ ಹಾಕಿಕೊಂಡು ಹೋಗಿ ಶಾಲೆಯ ಬಾಗಿಲಿಂದಲೇ ಹಿಂದಿರುಗಿ ಬಂದ ಮಗಳ ಕತೆ, ಬಸ್ಸಿನಲ್ಲೇ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಇಳಿದ ಮೊಮ್ಮಗನ ಕತೆ. ಕೋಲೂರಿಕೊಂಡು ಬಂದ ಆರ್ಲಿ ಅಜ್ಜ ಅವಳ ಮುಂದೆಯೇ ನಿಂತ.

"ನಮ್ಮ ಹುಡುಗರನ್ನ ಕೆಸರುಗಾಲು ಅಂತಿದ್ರಿ. ಹೌದೋ ಅಲ್ವೋ?"

"ಅಂತಿದ್ವಿ, ಅಜ್ಜ," ಎಂದಳು ಡೆಲ್ಫಿಯಾ. "ತಪ್ಪು ಮಾಡಿದ್ವಿ. ಇನ್ನು ಮೇಲೆ ಆ ಕೆಸರು ನಮ್ಮ ಶಾಲೆ ನೆಲದ ಮೇಲೇ ಬೀಳಲಿ. ಒರೆಸೋಕೆ ನಾನೇ ಬರ್ತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಮೇಜಿನ ಆ ತುದಿಯಿಂದ ಒಬ್ಬ ಮುದುಕಿ ಸೇಬಿನ ಪದರ ಕೇಕಿನ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿ ಅವಳ ಕೈಗಿತ್ತಳು. "ಮೊದಲು ತಿನ್ನು. ಖಾಲಿ ಹೊಟ್ಟೇಲಿ ಕ್ಷಮೆ ಕೇಳಬಾರದು."

ಸ್ವಂತ ಊರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಕಾಫಿ ಅಂಗಡಿಯಲ್ಲಿ ಒಬ್ಬ, "ಕಣಿವೆ ಮಕ್ಕಳು ನಮ್ಮ ಶಾಲೇಗಾ? ನೀವೂ ಅವರ ಕಡೆ ಸೇರಿಬಿಟ್ರಾ, ಮಿಸ್?" ಎಂದ. ಅವನಿಗೆ ಮಗ್ಗಿ ಕಲಿಸಿದ್ದವಳು ಅವಳೇ. "ನಿನಗೆ ಬಾಗಿಲಿಗೆ ಬೀಗ ಬೇಕೋ, ಒಳಗೆ ಮಕ್ಕಳು ಬೇಕೋ ಹೇಳು. ಎರಡರಲ್ಲಿ ಒಂದು ಆರಿಸ್ಕೊಳ್ಳೋಕೆ ಬರುತ್ತಲ್ಲ, ಅಷ್ಟಾದರೂ ಕಲಿಸಿದ್ನಲ್ಲ ನಾನು?" ಎಂದಳು. ಅವನು ಕಾಫಿಯೊಳಗೆ ಮುಖ ಇಳಿಸಿದ. ಸಭೆಯ ದಿನ ಎಲ್ಲರಿಗಿಂತ ಮೊದಲು ಸಭಾಂಗಣದ ಮುಂದೆ ವಾಹನ ತಂದು ನಿಲ್ಲಿಸಿದವನೂ ಅವನೇ.

ಕೌಂಟಿ ಶಾಲೆಯ ಸಭಾಂಗಣ ಅಷ್ಟು ತುಂಬಿದ್ದನ್ನು ಯಾರೂ ಕಂಡಿರಲಿಲ್ಲ. ಬೋರ್ಡಿನ ಅಧ್ಯಕ್ಷ ಹೋಬರ್ಟ್ ಸ್ಟಿಡಮ್ ಕನ್ನಡಕ ಏರಿಸಿ ಜನರನ್ನು ನೋಡಿದ, ಪಕ್ಕದಲ್ಲಿ ಕೂತ ಡೆಲ್ಫಿಯಾಳನ್ನು ನೋಡಿದ. ಹದಿಹರೆಯದಲ್ಲಿ ಅವನು ಕೌಂಟಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡಿ ಟಾಲಿವರ್ ಎದುರು ಒಂದೇ ಅಂಕದಿಂದ ಸೋತಿದ್ದ. ಆ ಸೋಲನ್ನು ಅವನು ಇನ್ನೂ ಒಪ್ಪಿಕೊಂಡಿರಲಿಲ್ಲ.

"ಏನೇ ಡೆಲ್ಫಿಯಾ, ಊರನ್ನೇ ಎಬ್ಬಿಸ್ಕೊಂಡು ಬಂದಿದೀಯ. ಆವತ್ತಿನ ಹಾಗೆ ಇವತ್ತೂ ರೆಫರಿ ನಿಮ್ಮ ಕಡೇನಾ?"

"ಇವತ್ತು ರೆಫರಿ ನೀನೇ ಕಣೋ. ಸೀಟಿ ಸರಿಯಾಗಿ ಊದು."

ಅವಳು ಎದ್ದು ಹೇಳಬೇಕಾದ್ದನ್ನು ಹೇಳಿದಳು. ಟಾಲಿವರ್ ಶಾಲೆ ಮುಚ್ಚಬಾರದು, ಕೇನಿ ಕಣಿವೆ ಮತ್ತು ಅದರ ಪಕ್ಕದ ಕಣಿವೆಗಳ ಚಿಕ್ಕ ಮಕ್ಕಳನ್ನೆಲ್ಲ ಅಲ್ಲಿಗೇ ಸೇರಿಸಬೇಕು. ಹೋಬರ್ಟ್ ಆಗದೆಂಬಂತೆ ತಲೆಯಾಡಿಸಿದ.

"ಕೇನಿಯೋರು ಮಕ್ಕಳನ್ನ ಟಾಲಿವರ್‌ಗೆ ಕಳಿಸ್ತಾರಾ? ನಾನು ಹುಟ್ಟಿದಾಗಿಂದ ಇವರಿಬ್ಬರ ಜಗಳ ನೋಡ್ತಾ ಇದೀನಿ. ಕತೆ ಹೇಳಬೇಡ."

"ನಾನು ಕಳಿಸ್ತೀನಿ," ಎಂದು ಧ್ವನಿಯೊಂದು ಕೇಳಿತು. ಮೂರನೆಯ ಸಾಲಿನಲ್ಲಿ ಟ್ವೈಲಾ ಎದ್ದು ನಿಂತಿದ್ದಳು. ಬಂದ ಧೈರ್ಯ ಹೋಗಿಬಿಡುತ್ತದೆನ್ನುವ ಹಾಗೆ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. "ನನ್ನ ಮಗಳು ಬೆಳಕಲ್ಲಿ ಎದ್ದು, ತಿಂಡಿ ತಿಂದು, ಅದನ್ನ ಹೊಟ್ಟೇಲೇ ಇಟ್ಕೊಂಡು ಶಾಲೇಗೆ ಹೋಗಬೇಕು. ಅಷ್ಟೇ ನಾನು ಕೇಳೋದು."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಗೋಡೆಯ ಬಳಿ ಒಬ್ಬ ತಂದೆ ಟೋಪಿ ತೆಗೆದು ಮುಂದೆ ಬಂದ. ಆಮೇಲೆ ಕುರ್ಚಿಗಳ ಸದ್ದು ಒಂದೇ ಸಮನೆ ಕೇಳತೊಡಗಿತು. ಕೇನಿಯವರ ಪಕ್ಕದಲ್ಲೇ ಟಾಲಿವರ್‌ನವರೂ ಎದ್ದರು. ಕೊನೆಗೆ ಕೂತವರು ಯಾರಿದ್ದಾರೆಂದು ಹುಡುಕಬೇಕಾಯಿತು. ಆರ್ಲಿ ಅಜ್ಜ ಕೋಲಿನಿಂದ ನೆಲ ಕುಟ್ಟಿದ. "ನನಗೆ ಮಕ್ಕಳೂ ಇಲ್ಲ, ಮರಿಗಳೂ ಇಲ್ಲ, ಹೋಬರ್ಟ್. ಆದರೂ ನಿಂತಿದೀನಿ. ಮಂಡಿ ನೋಯ್ತಾ ಇದೆ, ಬೇಗ ತೀರ್ಮಾನ ಮಾಡು."

ಸಭೆಯೇ ನಕ್ಕಿತು. ಹೋಬರ್ಟ್ ಕನ್ನಡಕ ತೆಗೆದು ಒರೆಸಿದ, ಅದು ಕೊಳೆಯಾಗಿರಲಿಲ್ಲ.

"ಮಕ್ಕಳಿಲ್ಲ ಅಂತ ಮುಚ್ಚೋಣ ಅಂದೆ," ಎಂದ. "ಮಕ್ಕಳಿದ್ದಾರಲ್ಲ." ಎಲ್ಲರಿಗಿಂತ ಮೊದಲು ಎದ್ದದ್ದು ಅವನ ಕೈ. ಉಳಿದ ಕೈಗಳು ಅದರ ಹಿಂದೆಯೇ ಎದ್ದವು. ತಾನೂ ಕೈ ಎತ್ತಬೇಕೆಂಬುದು ಡೆಲ್ಫಿಯಾಳಿಗೆ ನೆನಪಾದದ್ದು ಟ್ವೈಲಾ ಅಲ್ಲಿಂದಲೇ ಸನ್ನೆ ಮಾಡಿದಾಗ. ಅವಳು ಎತ್ತಿದ್ದೇ ತಡ, ಚಾವಣಿ ಹಾರಿಹೋಗುವಂಥ ಕೂಗೆದ್ದಿತು. ಕಾಫಿ ಅಂಗಡಿಯಲ್ಲಿ ವಾದಿಸಿದ್ದವನು ಕೇನಿಯ ಯಾವನನ್ನೋ ಅಪ್ಪಿಕೊಂಡು ಕುಣಿಯುತ್ತಿದ್ದ. ಹೆಸರು ಕೇಳಿರಲಿಲ್ಲ, ಕೇಳುವ ಪುರುಸೊತ್ತೂ ಇರಲಿಲ್ಲ.

ಮೆಟ್ಟಿಲಿನ ಬಳಿ ಹೋಬರ್ಟ್ ಸಿಕ್ಕಿದ. "ಆ ಮ್ಯಾಚು ಮಾತ್ರ ರೆಫರೀನೇ ಗೆಲ್ಲಿಸಿದ್ದು, ಹೇಳಿರ್ತೀನಿ."

"ಆಗಲಿ ಬಿಡು. ಇವತ್ತಿನ ಮಟ್ಟಿಗೆ ಒಪ್ಪಿದೆ," ಎಂದಳು ಡೆಲ್ಫಿಯಾ.

ಆಗಸ್ಟಿನಲ್ಲಿ ಶಾಲೆ ಶುರುವಾದ ಬೆಳಿಗ್ಗೆ ನದಿಯ ಮೇಲೆ ಮಂಜು ಕವಿದಿತ್ತು. ಟಾಲಿವರ್‌ನವರು ಮನೆಯ ಮುಂದೆ, ಅಂಗಡಿಗಳ ಮುಂದೆ ಬಂದು ನಿಂತಿದ್ದರು. ಬಸ್ಸಿನ ಹಳದಿ ಬಣ್ಣ ಮಂಜಿನೊಳಗಿಂದ ಸೇತುವೆಯ ಮೇಲೆ ಮೂಡಿದ ಕೂಡಲೇ ಬೆಂಕಿ ಆರಿಸುವ ಗಾಡಿಯವರು ಸೈರನ್ ಊದಿಬಿಟ್ಟರು. ಅದರ ಹಿಂದೆ ಇನ್ನೊಂದು ಬಸ್ಸು. ಜನ ಕೈಬೀಸಿದರು. ಕಿಟಕಿಗಳಲ್ಲಿದ್ದ ಮಕ್ಕಳು, ಇದೆಲ್ಲ ಯಾರಿಗೋ ಎಂದು ಹಿಂದೆ ಮುಂದೆ ನೋಡಿದರು.

ಡೆಲ್ಫಿಯಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೇಳಿ ಒಳಗೆ ಕಳಿಸಿದಳು. ಊರಿನ ಮಕ್ಕಳು, ಕಣಿವೆಯ ಮಕ್ಕಳು, ಯಾರು ಯಾವ ಕಡೆಯವರೆಂದು ತಿಳಿಯುವ ಮೊದಲೇ ಒಬ್ಬರನ್ನೊಬ್ಬರು ನೂಕಿಕೊಂಡು ಓಡಿದರು. ಎಲ್ಲರೂ ಹೋದ ಮೇಲೆ ತರಗತಿಗಳ ಮುಂದಿನ ಉದ್ದ ಪಡಸಾಲೆಯಲ್ಲಿ ಇವಾ ಮೇ ಒಬ್ಬಳೇ ಉಳಿದಿದ್ದಳು, ಗೋಡೆಯ ಗೂಟಗಳನ್ನು ನೋಡುತ್ತ.

"ಯಾಕಮ್ಮ?"

"ಚೀಲ ಹಾಕೋಕೆ ಜಾಗ ಇಲ್ಲ, ಮಿಸ್. ಎಲ್ಲ ತುಂಬೋಗಿದೆ."

ಡೆಲ್ಫಿಯಾ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ನಿಜ, ಒಂದು ಗೂಟವೂ ಖಾಲಿ ಇರಲಿಲ್ಲ. "ಕೊಡು ಇಲ್ಲಿ," ಎಂದಳು.

ಹುಡುಗಿ ಚೀಲ ಕೊಟ್ಟು ತರಗತಿಗೆ ಓಡಿದಳು. ಬಾಗಿಲು ಮುಚ್ಚಿತು. ಒಳಗಿನ ಗಲಾಟೆ ಸ್ವಲ್ಪ ಹೊತ್ತಿಗೆ ತಗ್ಗಿ, ಯಾರೋ ಓದತೊಡಗಿದರು. ಪುಟ್ಟ ಕೆಂಪು ಚೀಲವನ್ನು ಭುಜಕ್ಕೆ ಹಾಕಿಕೊಂಡು ಡೆಲ್ಫಿಯಾ ಪಡಸಾಲೆಯಲ್ಲೇ ನಿಂತಿದ್ದಳು. ಅದರ ಪಟ್ಟಿ ಅವಳ ತೋಳಿಗೆ ಬಿಗಿಯಾಗಿತ್ತು.