ತಾನಾಗೇ ಬರುವ ಕರೆಂಟು

ನನ್ನ ಗಂಡ ಕರೆಂಟ್ ಕಂಪನಿಯ ಲೈನ್‌ಮನ್. ನನ್ನ ಮಗಳು ಅದೇ ಕಂಪನಿಯ ಮೇಲೆ ದೂರು ಕೊಟ್ಟವಳು. ಇಬ್ಬರೂ ಒಂದೇ ಮನೆಯಲ್ಲಿ, ನಡುವೆ ನಾನು. ನನ್ನ ಪಾಡು ಯಾರಿಗೂ ಬೇಡ.

ಮಗಳು ಹಿಂದಿನ ಕೋಣೆಯಲ್ಲಿ ಕೋಳಿಮೊಟ್ಟೆ ಮರಿ ಮಾಡಿಸುವ ಯಂತ್ರ ಇಟ್ಟುಕೊಂಡಿದ್ದಾಳೆ. ಕೋಳಿ ಕಾವು ಕೂತು ಕೊಡುವ ಶಾಖವನ್ನು ಅದು ಕರೆಂಟಿನಲ್ಲಿ ಕೊಡುತ್ತದೆ. ಕರೆಂಟ್ ಹೋಗಿ ಯಂತ್ರ ತಣ್ಣಗಾದರೆ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಒಂದೆರಡು ಸಲ ಹಾಗೆ ಆಗಿಯೂ ಇತ್ತು. ಆ ಟ್ರೇಗಳನ್ನು ಹೊರಗೆ ಸುರಿಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಬಾಡಿಗೆಗೆ ಒಂದು ಜನರೇಟರ್ ತಂದಿಟ್ಟಳು.

ಅಷ್ಟರಲ್ಲಿ ಸರ್ಕಾರದ ವಿದ್ಯುತ್ ಆಯೋಗ ಒಂದು ನಿಯಮ ಮಾಡಿತು. ಕಂಪನಿಗಳು ಹಳೇ ವ್ಯವಸ್ಥೆ ಬಿಟ್ಟು ಹೊಸ ಯಂತ್ರಗಳನ್ನು ಹಾಕಿ, ಅವು ಕೆಲಸ ಮಾಡುವುದನ್ನು ತೋರಿಸಿದರೆ ದರ ಒಂದಿಷ್ಟು ಏರಿಸಿಕೊಳ್ಳಬಹುದು. ಕಂಪನಿಯವರು ಕುಣಿದಾಡಿಬಿಟ್ಟರು. ನಮ್ಮ ಬೀದಿಯ ಮೂಲೆಗೆ ಒಂದು ಹಸಿರು ಪೆಟ್ಟಿಗೆ ಬಂತು. ಒಂದು ಲೈನ್ ಕೈಕೊಟ್ಟರೆ ಇನ್ನೊಂದು ಲೈನಿನಿಂದ ತಾನಾಗೇ ಕರೆಂಟ್ ಎಳೆದುಕೊಳ್ಳುವ ಸ್ವಿಚ್ಚಂತೆ. ಅದು ಎಳೆದುಕೊಂಡಿದ್ದನ್ನು ಕಂಡವರು ಬೀದಿಯಲ್ಲಿ ಒಬ್ಬರೂ ಇಲ್ಲ. ಕಂಪನಿ ದರ ಏರಿಕೆ ಕೇಳಿದಾಗ ಮಗಳು ಆಯೋಗದ ಸಭೆಗೇ ಹೋಗಿ, ಎಲ್ಲರೆದುರು, “ಇವರು ಸುಳ್ಳು ಹೇಳ್ತಿದ್ದಾರೆ” ಅಂದುಬಿಟ್ಟಳು. ಸರಿ, ಬಂದು ನೋಡುತ್ತೇವೆ ಅಂದರು ಆಯೋಗದ ಮೇಡಂ.

ಬಂದರು. ಮಟಮಟ ಮಧ್ಯಾಹ್ನ, ಬೀದಿಯವರೆಲ್ಲ ಪೆಟ್ಟಿಗೆಯ ಮುಂದೆ. ಅದರ ಹಿಂದೆ ಹೊಸದಾಗಿ ತಗಡಿನ ಮರೆ ಕಟ್ಟಿದ್ದರು. ಕಂಪನಿಯ ಸಾಹೇಬರು ಫೋನಿನಲ್ಲಿ ಹೇಳಿ ಲೈನ್ ತೆಗೆಸಿದರು. ನಮ್ಮ ಜಗಲಿಯ ದೀಪ ಆರಿತು. ಪೆಟ್ಟಿಗೆ ಟಕ್ ಅಂದಿತು, ದೀಪ ಹತ್ತಿತು! ಜನ ಚಪ್ಪಾಳೆ ತಟ್ಟಿದರು. ನನ್ನ ಮಗಳು ಕೆಂಪಗಾಗಿ, ತಲೆ ತಗ್ಗಿಸಿ, “ಸುಳ್ಳುಗಾರರು ಅಂದಿದ್ದೆ, ತಪ್ಪಾಯ್ತು ಸರ್” ಅಂದಳು. ಮೇಡಂ ಅವಳ ಭುಜ ತಟ್ಟಿ, ಏನಾದರೂ ಇದ್ದರೆ ತಿಳಿಸು ಎಂದು ತಮ್ಮ ನಂಬರ್ ಕೊಟ್ಟು ಹೋದರು.

ಸಂಜೆ ಇವರು ಬಂದವರೇ ಅಡುಗೆಮನೆಗೆ ನುಗ್ಗಿ, ನನ್ನ ಬೆನ್ನಿಗೆ ಹೇಳಿದರು. “ಆ ತಗಡಿನ ಹಿಂದೆ ನಾನಿದ್ದೆ ಕಣೇ.”

“ಅಲ್ಲೇನು ಮಾಡ್ತಿದ್ರಿ?”

“ಪೆಟ್ಟಿಗೆಗೆ ಹಿಡಿ ಹಾಕಿ ಕೈಯಲ್ಲೇ ತಿರುಗಿಸಿದೆ. ಕಂಪನಿ ಮಾನ ನಿನ್ನ ಕೈಲಿದೆ ಅಂದ್ರು ಸಾಹೇಬ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮಗಳು ತಪ್ಪಾಯ್ತು ಅಂದದ್ದು ಅಲ್ಲಿಗೇ ಕೇಳಿಸ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿಬಿಡ್ತು.”

ನನಗೆ ಮೈಯೆಲ್ಲ ಉರಿದುಹೋಯಿತು. “ಕಂಪನಿ ಮಾನ ಉಳಿಸೋಕೆ ಮಗಳ ಮಾನ ಕಳೆದ್ರಲ್ರೀ! ಹೋಗಿ, ಈಗಲೇ ಹೇಳಿ ಅವಳಿಗೆ.”

“ಹೇಳ್ತೀನಿ. ನಾಳೆ.”

ನಾಳೆ ಬಂತು, ಹೋಯಿತು. ಇನ್ನು ಯಾಕೆ ಬಾಡಿಗೆ ದಂಡ ಎಂದು ಮಗಳು ಜನರೇಟರ್ ವಾಪಸ್ ಕಳಿಸಿದಳು. ಅದು ಗಾಡಿ ಹತ್ತುವುದನ್ನು ಇವರು ಇಂಗು ತಿಂದ ಮಂಗನ ಹಾಗೆ ನೋಡುತ್ತ ನಿಂತರೇ ಹೊರತು ತುಟಿ ಬಿಚ್ಚಲಿಲ್ಲ. ಊರಿಗೇ ಬಾಯಿ ಮಾಡುವ ನಾನೂ ಸುಮ್ಮನಿದ್ದೆ. ಮಾಡಿದವರೇ ಹೇಳಲಿ ಅನ್ನುವ ಹಾಳು ಹಟ ನನಗೆ. ನಾಚಿಕೆಯಾಗಬೇಕು ನಮ್ಮಿಬ್ಬರಿಗೂ.

ಇವರ ವಾರದ ರಜೆಯ ದಿನ, ಊಟದ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರದ ತುಂಬ ಇವತ್ತೋ ನಾಳೆಯೋ ಒಡೆಯುವ ಮೊಟ್ಟೆಗಳು. ಕಿವಿ ಕೊಟ್ಟರೆ ಒಳಗಿಂದ ಕಿಚಕಿಚ ಕೇಳುತ್ತಿತ್ತು. ಬಡಿಸುತ್ತಿದ್ದ ಸೌಟು ಬಿಟ್ಟು “ಅಯ್ಯೋ, ಮೊಟ್ಟೆ!” ಅಂದೆ.

“ಯಾಕಮ್ಮ ಗಾಬರಿ? ತಾನಾಗೇ ಬರುತ್ತೆ. ಮೊನ್ನೆ ನೀನೇ ನೋಡಿದ್ಯಲ್ಲ,” ಎಂದು ನಕ್ಕಳು ಮಗಳು.

ಬರಲಿಲ್ಲ. ಅವಳು ಯಂತ್ರದ ಗಾಜಿಗೆ ಅಂಗೈ ಒತ್ತಿ ಕಾಯುತ್ತಲೇ ಇದ್ದಳು. ನಾನು ಇವರನ್ನು ದುರುಗುಟ್ಟಿ ನೋಡಿದೆ. ಇವರು ತಟ್ಟೆ ಬಿಟ್ಟು ಎದ್ದರು.

“ಬರಲ್ಲಮ್ಮ.”

“ಯಾಕಪ್ಪ?”

“ನಾನು ಇಲ್ಲಿದ್ದೀನಲ್ಲ.”

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಮೊದಲು ಕರೆಂಟ್ ಹಾಕಪ್ಪ,” ಅಂದಳು. ಇವರು ಕೈಗವಸು, ಹಿಡಿ ಎರಡನ್ನೂ ಬಾಚಿಕೊಂಡು ಓಡಿದರು.

ದೀಪ ಬಂತು, ಯಂತ್ರ ಗುಂಯ್ ಅಂದಿತು, ಮೊಟ್ಟೆಗಳು ಉಳಿದವು. ಇವರು ಏದುಸಿರು ಬಿಡುತ್ತ ವಾಪಸಾದಾಗ ಮಗಳು ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದಳು. ಆ ಕಡೆ ಆಯೋಗದ ಮೇಡಂ “ಹಲೋ, ಹಲೋ” ಅನ್ನುತ್ತಿದ್ದರು.

“ತಗೋ. ನಾನು ಹೇಳಿದ್ರೆ ಇನ್ನು ಯಾರೂ ನಂಬಲ್ಲಪ್ಪ.”

ಇವರು ನನ್ನ ಮುಖ ನೋಡಿದರು. ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು.

“ನಮಸ್ಕಾರ ಮೇಡಂ. ನಾನು ಲೈನ್‌ಮನ್, ಈ ಹುಡುಗಿ ಅಪ್ಪ. ಮೊನ್ನೆ ನೀವು ನೋಡಿದ್ರಲ್ಲ, ತಾನಾಗೇ ಕೆಲಸ ಮಾಡೋ ಸ್ವಿಚ್ಚು... ಅದು ನಾನೇ ಮೇಡಂ.”