ಹೆಸರಿಡದ ಪಾರ್ವತಿ

ಗುರುಮಲ್ಲಪ್ಪ ಮೇಷ್ಟ್ರು ಕಂಪ್ಯೂಟರನ್ನು ಮತ್ತೊಮ್ಮೆ ಆರಿಸಿ ಹೊತ್ತಿಸಿದರು. ಪಾರ್ವತಿ ಬರಲಿಲ್ಲ. ವಾರವೆಲ್ಲ ಮೌಸು ಹಿಡಿದು, ಮಣಿಕಟ್ಟು ಊದಿಸಿಕೊಂಡು ಬರೆದ ಕಿರೀಟ, ಜಡೆ, ಸೀರೆಯಂಚು ಒಂದೂ ಇರಲಿಲ್ಲ. ರಾತ್ರಿ ಕರೆಂಟು ಹೋಗಿ, ಯುಪಿಎಸ್ಸು ಕೂಗಿ ಕೂಗಿ ಸುಮ್ಮನಾಗಿತ್ತು. ಯಾರೂ ಆಫ್ ಮಾಡಬಾರದು ಎಂದು ಅವರು ಅಂಟಿಸಿದ್ದ ಚೀಟಿ ಮಾತ್ರ ನೆಟ್ಟಗಿತ್ತು.

ಬಿಂದುಶ್ರೀ ಓಡಿ ಬಂದಳು. ಅವರ ಕೈಕೆಳಗೇ ರೇಖೆ ಎಳೆಯಲು ಕಲಿತವಳು; ಈಗ ಸರಸ್ವತಿಪುರಂನ ಅದೇ ಚಿತ್ರಕಲಾ ಶಾಲೆಯಲ್ಲಿ ಕಂಪ್ಯೂಟರ್ ಟೀಚರು, ಅದೂ ತಾತ್ಕಾಲಿಕ.

"ಸೇವ್ ಮಾಡಿರ್ಲಿಲ್ವಾ ಸಾರ್? ದಿನಾ ಹೇಳ್ತಿದ್ನಲ್ಲ."

"ಒತ್ತಿದ್ದೆ ಕಣಮ್ಮ. ಏನು ಹೆಸರು ಅಂತ ಕೇಳ್ತು. ಕಣ್ಣೇ ಬರೀದೆ ಎಂಗಮ್ಮ ಹೆಸರಿಡ್ಲಿ? ಬೇಡ ಅಂತ ಒತ್ಬುಟ್ಟೆ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರು ಕಲಿತ ಗುರುಮನೆಯಲ್ಲಿ ದೇವರ ಚಿತ್ರಕ್ಕೆ ಕಣ್ಣು ಕೊನೆಗೆ. ಅಲ್ಲಿಯವರೆಗೆ ಅದು ಬರೀ ಹಲಗೆ; ಹೆಸರು ಹಿಡಿದು ಕರೆದರೆ ಅಪಚಾರ. ಇವತ್ತು ಕಣ್ಣು ತೆರೆಸೋಣವೆಂದು ಅವರು ತಲೆಗೆ ನೀರು ಹಾಕಿಕೊಂಡು, ಏನೂ ತಿನ್ನದೆ ಹಿನಕಲ್‌ನಿಂದ ಮೊದಲ ಬಸ್ಸಿಗೇ ಬಂದಿದ್ದರು.

ಹನ್ನೊಂದಕ್ಕೆ ಆಡಳಿತ ಮಂಡಳಿಯವರು ಬರುವವರಿದ್ದರು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಬರೆದು ತೋರಿಸಲಾಗದವರು ಇನ್ನು ಶಾಲೆಗೆ ಬೇಡ ಎಂದು ಕಾರ್ಯದರ್ಶಿ ಮಹದೇವಪ್ಪನವರು ಖಂಡತುಂಡವಾಗಿ ಹೇಳಿದ್ದರು. ಆ ಇಲಿಯನ್ನು ನಾನು ಮುಟ್ಟುವುದಿಲ್ಲ ಎಂದು ಹಟ ಹಿಡಿದ ಗೋವಿಂದರಾಜು ಮೇಷ್ಟ್ರು ಈಗ ಹೂಟಗಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಲಾರಿಗಳಿಗೆ ಸಲಾಮು ಹೊಡೆಯುತ್ತಿದ್ದರು. ಗುರುಮಲ್ಲಪ್ಪನವರಿಗೆ ಐವತ್ತನಾಲ್ಕು. ಈ ವಯಸ್ಸಿನಲ್ಲಿ ಗೇಟಿನ ಕೆಲಸವನ್ನಾದರೂ ಯಾರು ಕೊಡುತ್ತಾರೆ?

ಅವರು ಮತ್ತೆ ಶುರು ಮಾಡಿದರು. ಕಿರೀಟ ಎಂದು ಎಳೆದದ್ದು ಕಾಗೆಕಾಲು ಗುಬ್ಬಿಕಾಲಾಯಿತು. ಅಳಿಸಿದರು, ಎಳೆದರು, ಮತ್ತೆ ಅಳಿಸಿದರು. ಕಣ್ಣಲ್ಲಿ ನೀರು ತುಂಬಿ ಪರದೆಯೇ ಕಾಣದಾಯಿತು.

ಬಿಂದುಶ್ರೀ ಬ್ಯಾಗಿನಿಂದ ಒಂದು ಫ್ಲಾಪಿ ತೆಗೆದಳು. "ನಾನು ಬರ್ದಿರೋ ಸರಸ್ವತಿ ಇದೆ ಸಾರ್. ನಿಮ್ದು ಅಂತ ತೋರಿಸ್ಬುಡಿ."

ಪಕ್ಕದವರ ಚಿತ್ರ ನಕಲು ಮಾಡಿದಳೆಂದು ಹಿಂದೊಮ್ಮೆ ಇವಳ ಹಾಳೆಯನ್ನೇ ಎಲ್ಲರೆದುರು ಹರಿದುಹಾಕಿದ್ದ ಮೇಷ್ಟ್ರು ಅವರು. ಛೀ ಎನ್ನಬೇಕೆಂದು ಬಾಯಿ ತೆರೆದರು.

"ಬೇಗ ಹಾಕಮ್ಮ," ಅಂದರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಮೇಷ್ಟ್ರಿಗೆ ಬೇಕಿದ್ದದ್ದು ನಿವೃತ್ತಿಯವರೆಗಿನ ನಾಲ್ಕು ವರ್ಷ, ಅಷ್ಟೇ.

ಮಂಡಳಿಯವರು ಪರದೆಯ ಸುತ್ತ ಮುತ್ತಿಕೊಂಡರು. ಮಹದೇವಪ್ಪನವರು ಕನ್ನಡಕ ಏರಿಸಿ ವೀಣೆ ಹಿಡಿದ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಎಲ್ಲಿ ಬರೆದರೂ ನಿಮ್ಮ ಕೈ ಸುಳ್ಳಾಡುವುದಿಲ್ಲ ಮೇಷ್ಟ್ರೇ ಎಂದು ಬೆನ್ನು ತಟ್ಟಿದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಯಾದದ್ದು ಅದರ ಹಿಂದೆಯೇ.

ಹೊರಡುವಾಗ ಕಾರ್ಯದರ್ಶಿಗಳು ಉಳಿದವರ ಕಡೆ ತಿರುಗಿದರು. "ಇವರಿಗೇ ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ ಕಂಪ್ಯೂಟರಿಗೆ ಅಂತ ಬೇರೆ ಟೀಚರ್ ಯಾಕ್ರೀ? ಎರಡನ್ನೂ ಇವರೇ ನೋಡ್ಕೊಳ್ಲಿ. ಏನಂತೀರಿ ಮೇಷ್ಟ್ರೇ?"

ಬಿಂದುಶ್ರೀ ಗೋಡೆಗೊರಗಿ ನಿಂತಿದ್ದಳು. ಅವಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಪರದೆಯನ್ನು ನೋಡಿದರು. ಮೌಸಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ಒಪ್ಪಿಗೆಯೆಂದುಕೊಂಡು ಎಲ್ಲರೂ ಕಾಫಿಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಬಿಂದುಶ್ರೀ ಒಂದೊಂದೇ ಕಂಪ್ಯೂಟರಿಗೆ ಬಟ್ಟೆಯ ಹೊದಿಕೆ ಹೊದಿಸುತ್ತ ಬಂದಳು. ಕೊನೆಯದು ಮೇಷ್ಟ್ರದು. ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಅವರು ಮೌಸಿನ ಮೇಲಿನ ಕೈ ತೆಗೆಯಲಿ ಎಂದು ಕಾಯುತ್ತ ನಿಂತಳು.