ಗುಂಡಿ ಹೊಲಿದ ಕೋಟು

"ಕೈ ತೆಗೆಯೇ ಮುಂಡೆ. ಆ ಕೋಟಿನ ಮೇಲಿಂದ ಕೈ ತೆಗಿ."

ಮೇಸ್ತ್ರಿ ಹೀಗೆ ಒದರಿದಾಗ ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆ ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಬೈಸಿಕೊಳ್ಳುತ್ತಿದ್ದವಳು ಕತ್ತರಿಯಕ್ಕ. ಹದಿನೆಂಟು ವರ್ಷದಿಂದ ಸೊಂಟಕ್ಕೆ ದಾರದಲ್ಲಿ ಕತ್ತರಿ ಕಟ್ಟಿಕೊಂಡೇ ಓಡಾಡಿದವಳಾದ್ದರಿಂದ ಆ ಹೆಸರು. ಅವಳ ನಾಲಿಗೆ ನೋಡಿ ಇಟ್ಟಿದ್ದು ಎನ್ನುವವರೂ ಇದ್ದರು.

"ಬೆಳಿಗ್ಗೆ ನೀವೇ ಅಲ್ವಾ ಇದನ್ನ ಚಿಂದಿಗೆ ಎಸೆದಿದ್ದು?" ಎಂದಳು.

"ಎಸೆದಾಗ ಗುಂಡಿ ಇರ್ಲಿಲ್ಲ. ಈಗ ಇದೆ."

"ಹೊಲಿದಿದ್ದು ನಾನು."

"ಯಾರು ಹೊಲಿ ಅಂದ್ರು ನಿಂಗೆ?"

ಮೇಸ್ತ್ರಿ ಕೋಟನ್ನು ಕಿತ್ತುಕೊಂಡು ಲಾರಿಗೆ ಹೋಗುವ ಮೂಟೆಯ ಮೇಲೆ ಎಸೆದ.

ಉಳ್ಳವರು ತಮಗೆ ಬೇಡವಾದ ಬಟ್ಟೆಯನ್ನು 'ಬಡವರಿಗೆ' ಎಂದು ಬರೆದ ಪೆಟ್ಟಿಗೆಗಳಿಗೆ ಹಾಕುತ್ತಾರಲ್ಲ, ಅದೆಲ್ಲ ಬಂದು ಬೀಳುತ್ತಿದ್ದುದು ಈ ಶೆಡ್ಡಿಗೆ. ಕ್ರಿಸ್ಮಸ್ ಹತ್ತಿರವಾದಂತೆ ಉಳ್ಳವರ ಮನಸ್ಸು ಕರಗುತ್ತದೆ, ಮೂಟೆಗಳು ಸೂರು ಮುಟ್ಟುತ್ತವೆ, ಹೆಂಗಸರಿಗೆ ಉಚ್ಚೆ ಹೊಯ್ಯಲೂ ಪುರುಸೊತ್ತು ಸಿಗುವುದಿಲ್ಲ. ಚೆನ್ನಾಗಿರುವುದು ಒಂದನೇ ದರ್ಜೆ, ಅದು ಲಾರಿ ಹತ್ತಿ ಅಂಗಡಿಗೆ ಹೋಗುತ್ತದೆ. ಮಾಸಿದ್ದು ಎರಡನೆಯದು. ಹರಿದದ್ದು, ಗುಂಡಿ ಕಳೆದುಕೊಂಡದ್ದು ಚಿಂದಿ. ಚಿಂದಿಯಲ್ಲಿ ಉಳಿದ ಗುಂಡಿಗಳನ್ನೂ ಕತ್ತರಿಸಿ ಡಬ್ಬಿಗೆ ತುಂಬಬೇಕು, ಯಾಕೆಂದರೆ ಗುಂಡಿಗೂ ಗಿರಾಕಿ ಇದ್ದಾರೆ. ಬಟ್ಟೆ ಮಾತ್ರ ಮಿಷಿನ್ನಿನ ಎಣ್ಣೆ ಒರೆಸುವುದಕ್ಕೆ, ಅದರಲ್ಲಿ ಒಂದೆರಡನ್ನು ಹೆಂಗಸರು ಮನೆಗೆ ಒಯ್ದರೆ ಯಾರೂ ಕೇಳುವುದಿಲ್ಲ. ಬಡವರಿಗೆ ಎಂದು ಬಂದದ್ದರಲ್ಲಿ ಬಡವರಿಗೆ ದಕ್ಕುತ್ತಿದ್ದುದು ಈ ಚಿಂದಿ ಒಂದೇ. ಗೇಟಿನ ಬೋರ್ಡಿನ ಮೇಲೆ ಅದನ್ನು ದೊಡ್ಡಕ್ಷರದಲ್ಲಿ ಬರೆಸಿದ್ದರು: ಚಿಂದಿ ಬಿಟ್ಟು ಬೇರೆ ಯಾವ ಬಟ್ಟೆಯೂ ಮೇಸ್ತ್ರಿಯ ಚೀಟಿ ಇಲ್ಲದೆ ಹೊರಗೆ ಹೋಗಕೂಡದು.

ಕತ್ತರಿಯಕ್ಕನಿಗೆ ಇದೆಲ್ಲ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆದರೂ ಎಡವಿದಳು. ದಪ್ಪ ಉಣ್ಣೆಯ ಆ ಗಂಡಸರ ಕೋಟಿಗೆ ಎದೆಯ ಹತ್ತಿರದ ಒಂದು ಗುಂಡಿ ಇರಲಿಲ್ಲ. ಸಂಜೆಯವರೆಗೆ ಸುಮ್ಮನಿದ್ದು, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವಳ ಕಣ್ಣೆದುರು ಗಂಡ ಬಂದು ನಿಂತ. ಇದೇ ಶೆಡ್ಡಿನ ಹಿಂದುಗಡೆ, ಚಿಂದಿ ಹರಿಯುವ ಮಿಷಿನ್ನಿನ ಬಾಯಿಯಲ್ಲಿ ಹನ್ನೆರಡು ವರ್ಷ ನಿಂತು, ಎದೆ ತುಂಬ ಬಟ್ಟೆಯ ಧೂಳು ತುಂಬಿಕೊಂಡು ಮನೆ ಸೇರಿದವನು. ಈಗ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಈ ಚಳಿಗಾಲ ದಾಟಿಸುವುದು ಕಷ್ಟ, ಎದೆ ಬೆಚ್ಚಗಿಡಿ ಎಂದು ಡಾಕ್ಟರು ಹೇಳಿದ್ದರು. ಎದೆಯ ಹತ್ತಿರವೇ ಗಾಳಿ ನುಗ್ಗುವ ಕೋಟು ಅವನಿಗೆ ಯಾವ ಸುಖಕ್ಕೆ ಎಂದು ಮಧ್ಯಾಹ್ನ ಊಟ ಬಿಟ್ಟು ಡಬ್ಬಿಗಳನ್ನೆಲ್ಲ ತಡಕಾಡಿ, ಬಣ್ಣಕ್ಕೆ ಬಣ್ಣ ಹೊಂದುವ ಗುಂಡಿ ಹುಡುಕಿ, ಸೂಜಿ ದಾರ ಬೇಡಿ ತಂದು ಹೊಲಿದುಬಿಟ್ಟಳು. ಹದಿನೆಂಟು ವರ್ಷ ಗುಂಡಿ ಕತ್ತರಿಸಿದ ಕೈ ಮೊದಲ ಸಲ ಗುಂಡಿ ಹೊಲಿದದ್ದು ಅದು. ಕೋಟು ಒಂದನೇ ದರ್ಜೆಗೆ ಏರಿ ಕೂತಿತು.

"ನಿನ್ನಂಥ ದಡ್ಡೀನ ನಾನು ನೋಡಿಲ್ಲ ಕಣೆ," ಎಂದಳು ಪಕ್ಕದ ಮೇಜಿನ ಕುಳ್ಳಿ. "ಮನೆಗೆ ಹೋಗಿ ಹೊಲೀಬಾರದಾಗಿತ್ತಾ?"

"ಮನೇಲಿ ಗುಂಡಿ ನಿಮ್ಮಪ್ಪ ತಂದುಕೊಡ್ತಾನಾ?"

ಕುಳ್ಳಿ ನಕ್ಕಳು. ಕತ್ತರಿಯಕ್ಕನಿಗೆ ನಗು ಬರಲಿಲ್ಲ. ತನ್ನ ಮೇಲೆಯೇ ಉಗುಳಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಮಾರನೆಯ ದಿನ ಮೇಸ್ತ್ರಿ ತಾನೇ ಅವಳ ಮೇಜಿನ ಹತ್ತಿರ ಬಂದ. ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತೆ ಮಾತಾಡಿದ.

"ನಿನ್ನ ಅದೃಷ್ಟ ಖುಲಾಯಿಸ್ತು ನೋಡಕ್ಕ. ಭಾನುವಾರ ಸಂಜೆ ನಮ್ಮ ಕಾಂಪೌಂಡಿನ ಹಾಲ್‌ನಲ್ಲಿ ಕ್ರಿಸ್ಮಸ್ ಕಾರ್ಯಕ್ರಮ. ಅಮ್ಮಾವ್ರು ಒಬ್ಬ ಬಡವರಿಗೆ ಕೈಯಾರೆ ಬಟ್ಟೆ ಕೊಡ್ತಾರಂತೆ. ನಿನ್ನ ಗಂಡನ ವಿಷಯ ನಾನೇ ಹೇಳಿದೆ. ಅಯ್ಯೋ ಪಾಪ, ಅವಳನ್ನೇ ಕರೀರಿ ಅಂದ್ರು."

ಅಮ್ಮಾವ್ರು ಎಂದರೆ ಧಣಿಯ ಹೆಂಡತಿ. ವರ್ಷಕ್ಕೆ ಒಂದು ಸಲ ಮೂಗಿಗೆ ಕರವಸ್ತ್ರ ಹಿಡಿದು ಶೆಡ್ಡಿಗೆ ಬಂದು ಹೋಗುವವರು.

"ಯಾವ ಬಟ್ಟೆ?" ಎಂದಳು ಕತ್ತರಿಯಕ್ಕ.

"ಅದೇ ಕೋಟು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಅಮ್ಮಾವ್ರೇ ಆರಿಸಿದ್ರು. ನೀನು ಮೂರೇ ಮಾತು ಹೇಳಬೇಕು. ನಾವು ಬಡವರು. ಧಣಿಗಳಿಂದ ನಮ್ಮ ಒಲೆ ಉರೀತಾ ಇದೆ. ಅವರ ಉಪಕಾರ ಸಾಯೋವರೆಗೂ ಮರೆಯಲ್ಲ. ಅಷ್ಟೆ. ಎಲ್ಲಿ, ಒಂದು ಸಲ ಹೇಳು?"

ಕತ್ತರಿಯಕ್ಕ ಹೇಳಿದಳು. ಅವನು ತಿದ್ದಿದ. ಮತ್ತೆ ಹೇಳಿದಳು. ನಾಲ್ಕು ದಿನ ಬೆಳಿಗ್ಗೆ ಸಂಜೆ ಪಾಠ ಒಪ್ಪಿಸಿದಳು. ಹೆಂಗಸರು ಕಾಡುತ್ತಿದ್ದರು, ಬಚ್ಚಲಿಗೆ ಹೋಗುವಾಗಲೂ "ಸಾಯೋವರೆಗೂ ಮರೆಯಲ್ಲ" ಎಂದು ಅಣಕಿಸುತ್ತಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಮನೆಯಲ್ಲಿ ಗೋಡೆಗೆ ಒರಗಿದವನ ಕೆಮ್ಮು ಕೇಳಿದಾಗ ನಾಚಿಕೆ ಎಲ್ಲೋ ಹೋಗುತ್ತಿತ್ತು.

"ಮೂರು ಮಾತಿಗೆ ಅಂಥ ಕೋಟು ಬರುತ್ತೆ ಅಂದ್ರೆ ಹೇಳಿ ಬಾ," ಎಂದ ಗಂಡ. "ನಾನು ಇದಕ್ಕಿಂತ ದೊಡ್ಡ ಸುಳ್ಳು ಹೇಳಿ ನಿನ್ನ ಮದುವೆ ಆಗಿದ್ದೀನಿ." ಇಷ್ಟು ಹೇಳಿ ನಗಲು ಹೋಗಿ ಬಹಳ ಹೊತ್ತು ಕೆಮ್ಮಿದ.

ಭಾನುವಾರ ಅವಳು ತಲೆ ಸ್ನಾನ ಮಾಡಿದಳು. ಮಗಳ ಮದುವೆಗೆ ಹೊಲಿಸಿದ್ದ ನೀಲಿ ಅಂಗಿ ಲಂಗ ಇತ್ತು, ಅದನ್ನು ಇಸ್ತ್ರಿ ಮಾಡಿ ಹಾಕಿಕೊಂಡಳು. ಕತ್ತರಿ ಮಾತ್ರ ಅಭ್ಯಾಸಬಲದಿಂದ ಸೊಂಟಕ್ಕೆ ಬಂತು. ಗೇಟಿನಲ್ಲಿ ಕಾವಲಿಗೆ ನಿಂತಿದ್ದವನು ಅವಳ ಮೈದುನ. ಮೇಸ್ತ್ರಿಯ ಕಾಲು ಹಿಡಿದು ಆ ಕೆಲಸ ಕೊಡಿಸಿದ್ದವಳೂ ಅವಳೇ.

"ಏನತ್ತಿಗೆ, ಮದುವಣಗಿತ್ತಿ ಥರ ಹೊರಟಿದ್ದೀಯ?"

"ನಿಮ್ಮಣ್ಣಂಗೆ ಕೋಟು ತರೋಕೆ ಕಣಪ್ಪ," ಎಂದಳು ಹೆಮ್ಮೆಯಿಂದ.

ಹಾಲ್‌ನ ಬಾಗಿಲಲ್ಲಿ ಅಮ್ಮಾವ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಸಪ್ಪಗಾಯಿತು.

"ಇವಳೇನ್ರೀ? ಇವಳು ನಮ್ಮನೆ ಅಡುಗೆಯವಳಿಗಿಂತ ಚೆನ್ನಾಗಿದ್ದಾಳಲ್ಲ. ಜನ ಏನಂದುಕೊಳ್ತಾರೆ?"

ಮೇಸ್ತ್ರಿ ಅವಳ ರಟ್ಟೆ ಹಿಡಿದು ಶೆಡ್ಡಿಗೆ ದಬ್ಬಿಕೊಂಡು ಬಂದ. "ಬಡವಿಯಾಗಿ ಬಾರೇ ಅಂದ್ರೆ ಮೆರವಣಿಗೆಗೆ ಬಂದಂಗೆ ಬಂದಿದ್ದೀಯ, ಬೋಳಿ. ತೆಗಿ ಅದನ್ನ. ರಾಶಿಯಿಂದ ಯಾವುದಾದ್ರೂ ಹಾಕ್ಕೋ."

ಅವಳು ಚಿಂದಿ ರಾಶಿಯ ಮುಂದೆ ನಿಂತಳು. ಅಲ್ಲಿದ್ದ ಒಂದೊಂದು ಅಂಗಿಯೂ ಅವಳ ಕೈಯಲ್ಲಿ ಹಾದುಬಂದದ್ದು. ಒಂದು ಹರಕು ಲಂಗ, ಮೊಣಕೈ ಹರಿದ ಒಂದು ಅಂಗಿ ಆರಿಸಿದಳು. ತೊಟ್ಟ ಮೇಲೆ ಮುಂದೆ ಹಾಕಲು ಹೋದರೆ ಒಂದೂ ಗುಂಡಿ ಇಲ್ಲ. ಎಲ್ಲ ಅವಳೇ ಕತ್ತರಿಸಿದ್ದು. ಪಿನ್ನು ಹುಡುಕುವಷ್ಟರಲ್ಲಿ ಮೇಸ್ತ್ರಿ ಅವಳ ನೀಲಿ ಬಟ್ಟೆಯನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಜಡಿದು, "ನಡಿ ನಡಿ, ಕರೀತಿದ್ದಾರೆ" ಎಂದು ಎಳೆದ. ಅವಳು ಎಡಗೈಯಲ್ಲಿ ಎದೆಯ ಮೇಲೆ ಅಂಗಿಯನ್ನು ಮುಷ್ಟಿ ಮಾಡಿ ಹಿಡಿದುಕೊಂಡು ವೇದಿಕೆ ಹತ್ತಿದಳು.

ದೀಪ ಹಚ್ಚಿದ ಮರ, ಮುಂದಿನ ಸಾಲಿನಲ್ಲಿ ಅತ್ತರಿನ ವಾಸನೆ. ಹಿಂದಿನ ಬೆಂಚಿನಲ್ಲಿ ಚಪ್ಪಾಳೆ ತಟ್ಟುವುದಕ್ಕೆಂದು ಕೂರಿಸಿದ್ದ ಶೆಡ್ಡಿನ ಹೆಂಗಸರು. ಪಾದ್ರಿಗಳು ಕೊಡುವವರಿಗೆ ಕರುಣೆ ಇರಬೇಕು, ಪಡೆಯುವವರಿಗೆ ಕೃತಜ್ಞತೆ ಇರಬೇಕು ಎಂದು ಹೇಳಿ ಕೂತರು. ಅಮ್ಮಾವ್ರು ಕೋಟು ಚಾಚಿದರು. ಕತ್ತರಿಯಕ್ಕ ಬಲಗೈ ಮುಂದೆ ಮಾಡಿದಳು.

"ಎರಡೂ ಕೈ," ಎಂದರು ಅಮ್ಮಾವ್ರು, ನಗುಮುಖ ಕದಲಿಸದೆ. "ಎರಡೂ ಕೈಯಲ್ಲಿ ತಗೋಬೇಕು. ಅಷ್ಟೂ ಗೊತ್ತಾಗಲ್ವಾ?"

"ಅಮ್ಮಾವ್ರೆ, ಅಂಗಿಗೆ ಗುಂಡಿ..."

"ಫೋಟೋದವರು ಕಾಯ್ತಿದ್ದಾರೆ."

ಕೆಳಗಿನಿಂದ ಮೇಸ್ತ್ರಿ ಹಲ್ಲು ಕಚ್ಚಿ ಕಣ್ಣಲ್ಲೇ ಹೊಡೆಯುತ್ತಿದ್ದ. ಕೋಟು ಒಂದು ಗೇಣು ದೂರದಲ್ಲಿತ್ತು. ತಾನು ಹೊಲಿದ ಗುಂಡಿ ಅವಳಿಗೆ ಕಾಣುತ್ತಿತ್ತು. ಅವಳು ಮುಷ್ಟಿ ಬಿಟ್ಟು ಎರಡೂ ಕೈ ಚಾಚಿದಳು. ಅಂಗಿ ಎರಡು ಪಕ್ಕಕ್ಕೆ ತೆರೆದುಕೊಂಡಿತು. ಆಗಲೇ ಫ್ಲಾಶ್ ಹೊಡೆಯಿತು, ಒಂದಲ್ಲ, ಎರಡಲ್ಲ, ಮೂರು ಸಲ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆನ್ನು ತಿರುಗಿಸಿ ಕೋಟನ್ನು ಮೈಮೇಲೆ ಎಳೆದುಕೊಂಡು, ಕೆಳಗಿನಿಂದ ಕೊರಳವರೆಗೆ ಒಂದೂ ಬಿಡದೆ ಗುಂಡಿ ಹಾಕಿಕೊಂಡಳು.

"ನೋಡಿ, ಎಷ್ಟು ಸಂತೋಷ," ಎಂದರು ಅಮ್ಮಾವ್ರು ಮೈಕಿನಲ್ಲಿ. "ಪಾಪ, ಮನೆಗೆ ಹೋಗೋವರೆಗೂ ತಡೆಯೋಕಾಗ್ಲಿಲ್ಲ." ಹಾಲ್ ಚಪ್ಪಾಳೆಯಿಂದ ತುಂಬಿತು.

ಕತ್ತರಿಯಕ್ಕ ಮೂರು ಮಾತನ್ನೂ ಹೇಳಿದಳು. ಒಂದಕ್ಷರ ತಪ್ಪಲಿಲ್ಲ.

ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಮೇಸ್ತ್ರಿ ಒಂದು ಸೋಪು, ಒಂದು ಕ್ಯಾಲೆಂಡರು ಹಾಕಿದ ಚೀಲ ಹಿಡಿದು ನಿಂತಿದ್ದ. "ಚೆನ್ನಾಗಿ ಹೇಳಿದೆ. ತಗೋ ಇದನ್ನ. ಕೋಟು ಬಿಚ್ಚು."

"ಏನು?"

"ಕೋಟು ಕಣೇ. ಬೆಳಿಗ್ಗೆ ಲಾರಿಗೆ ಹೋಗಬೇಕು. ಫೋಟೋ ಆಯ್ತಲ್ಲ."

"ಕೊಡ್ತೀನಿ ಅಂದ್ರಿ."

"ಕೊಟ್ರಲ್ಲ, ಎಲ್ಲಾರೂ ನೋಡಿದ್ರಲ್ಲ. ಬಿಚ್ಚು. ಬಿಚ್ಚಿಕೊಟ್ಟು ನಿನ್ನ ಬಟ್ಟೆ ತಗೊಂಡು ಹೋಗು."

"ಆ ಬಟ್ಟೆ ನಿನ್ನ ಹೆಂಡತಿಗೆ ಉಡಿಸೋ, ಬೋಳಿಮಗನೆ" ಎಂದು ಹೇಳಿ ಗೇಟಿನ ಕಡೆ ನಡೆದಳು. ಮೇಸ್ತ್ರಿ ಹಿಂದೆಯೇ ಓಡಿದ. "ಗೇಟು ಹಾಕೋ! ಚೀಟಿ ಇಲ್ಲದೆ ಬಿಟ್ರೆ ನಿನ್ನ ಕೆಲಸ ಕಿತ್ತುಹಾಕ್ತೀನಿ."

ಮೈದುನ ಗೇಟು ಎಳೆದು ಬೀಗ ಹಾಕಿದ. ಅತ್ತಿಗೆಯ ಮುಖ ನೋಡಲಾರದೆ ಬೀಗದ ಕೈಯನ್ನೇ ನೋಡುತ್ತ ನಿಂತ.

"ತೆಗಿಯಪ್ಪ," ಎಂದಳು.

"ಅತ್ತಿಗೆ, ಎರಡು ಮಕ್ಕಳಿದ್ದಾವೆ ನಂಗೆ. ಕೊಟ್ಟುಬಿಡು. ಅಣ್ಣಂಗೆ ನಾನೇ ಬೇರೆ ಏನಾದ್ರೂ ಹೊಂದಿಸ್ತೀನಿ."

"ನಿನ್ನ ಕೈಲಿ ಆಗಲ್ಲ ಅಂತ ನಿಂಗೂ ಗೊತ್ತು."

ಅಷ್ಟರಲ್ಲಿ ಕಾರ್ಯಕ್ರಮ ಮುಗಿದು ಕಾರುಗಳು ಒಂದರ ಹಿಂದೆ ಒಂದು ಬಂದು ನಿಂತವು. ಗೇಟು ಒಂದೇ, ದಾರಿಯ ನಡುವೆ ಕೋಟು ತೊಟ್ಟ ಅವಳು. ಮೊದಲ ಕಾರಿನ ಗಾಜು ಇಳಿಯಿತು.

"ಏನಮ್ಮ ಇದು?" ಎಂದರು ಅಮ್ಮಾವ್ರು. "ಇಷ್ಟೆಲ್ಲ ಮಾಡಿದ ಮೇಲೂ ಹೀಗಾ? ಉಪಕಾರ ಸ್ಮರಣೆ ಅನ್ನೋದು ಬೇಡವಾ?"

ಪಕ್ಕದಲ್ಲಿದ್ದ ಧಣಿ ಅವಳ ಕಡೆ ತಿರುಗಲೂ ಇಲ್ಲ. "ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲಾ ಹೊತ್ತುಕೊಂಡು ಹೋಗ್ತಾರೆ. ಬಿಚ್ಚಿಸ್ರೀ," ಎಂದ ಮೇಸ್ತ್ರಿಗೆ.

ಮೇಸ್ತ್ರಿ ಕಾಲರಿಗೆ ಕೈ ಹಾಕಲು ಬಂದ. ಕತ್ತರಿಯಕ್ಕ ಕೋಟಿನ ಅಡಿಯಿಂದ ಕತ್ತರಿ ಎಳೆದಳು. ಅವನು ಎರಡು ಹೆಜ್ಜೆ ಹಾರಿ ಹಿಂದಕ್ಕೆ ಹೋದ.

ಅವಳು ಅವನ ತಂಟೆಗೆ ಹೋಗಲಿಲ್ಲ. ಕತ್ತರಿಯ ಮೂತಿಯನ್ನು ಕೊರಳ ಹತ್ತಿರದ ಗುಂಡಿಯ ಅಡಿಗೆ ತೂರಿಸಿ ಕಚಕ್ಕೆಂದು ಕತ್ತರಿಸಿದಳು. ಗುಂಡಿ ಕಾರಿನ ದೀಪದ ಬೆಳಕಿನಲ್ಲಿ ಉರುಳಿತು. ಮುಂದಿನದು ಅವಳು ಹೊಲಿದದ್ದು. ದಾರ ಗಟ್ಟಿಯಾಗಿತ್ತು, ಎರಡು ಸಲ ಅದುಮಬೇಕಾಯಿತು, ಕಣ್ಣಲ್ಲಿ ನೀರು ಬಂತು. ಹದಿನೆಂಟು ವರ್ಷದ ಕೈಗೆ ಉಳಿದವುಗಳಿಗೆ ಹೊತ್ತು ಬೇಕಾಗಲಿಲ್ಲ. ಬಗ್ಗಿ ಎಲ್ಲವನ್ನೂ ಆರಿಸಿ ಮೇಸ್ತ್ರಿಯ ಕಾಲ ಬುಡಕ್ಕೆ ಎಸೆದಳು.

"ಡಬ್ಬಿಗೆ ಹಾಕ್ಕೋ. ಈಗ ಇದು ಯಾವ ದರ್ಜೆ ಹೇಳು?"

ಮೇಸ್ತ್ರಿ ಧಣಿಯ ಕಾರಿನ ಕಡೆ ತಿರುಗಿದ.

"ಚಿಂದಿ," ಎಂದಿತು ಹಿಂದಿನಿಂದ ಒಂದು ದನಿ. ಕುಳ್ಳಿ. ಹೆಂಗಸರೆಲ್ಲ ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಬಂದು ಅವಳ ಎರಡು ಪಕ್ಕಕ್ಕೆ ನಿಂತರು. "ಗುಂಡಿ ಇಲ್ಲದ್ದು ಚಿಂದಿ. ಬೋರ್ಡ್ ಓದು ಮೇಸ್ತ್ರಿ."

"ತೆಗೀಬೇಡ ಗೇಟು!" ಧಣಿ ಈಗ ಕಾರಿನಿಂದ ಇಳಿದಿದ್ದ.

ಗಾಳಿ ಕೊರೆಯುತ್ತಿತ್ತು. ಕತ್ತರಿಯಕ್ಕ ಕೋಟಿನ ಎರಡು ಅಂಚುಗಳನ್ನು ಎರಡೂ ಕೈಯಲ್ಲಿ ಎದೆಯ ಮೇಲೆ ಒತ್ತಿ ಹಿಡಿದು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದಿನ ಕಾರುಗಳವರಿಗೆ ಏನಾಗಿದೆಯೆಂದು ತಿಳಿಯದೆ ಒಬ್ಬೊಬ್ಬರೇ ಹಾರ್ನ್ ಒತ್ತತೊಡಗಿದರು.

ಮೈದುನ ಬೋರ್ಡಿನ ಕಡೆ ನೋಡಿದ, ಧಣಿಯ ಕಡೆ ನೋಡಿದ. ಆಮೇಲೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತನ್ನ ಸ್ಟೂಲಿನ ಮೇಲೆ ಕೂತುಬಿಟ್ಟ.

"ಧಣೀ, ಚಿಂದಿನ ಹೊರಗೆ ಬಿಡಬೇಡ ಅಂದ್ರೆ ಬಿಡಲ್ಲ," ಎಂದ. "ಆದ್ರೆ ಈ ಗೇಟು ಇವತ್ತು ಇನ್ಯಾರಿಗೂ ತೆಗೆಯಲ್ಲ."